ಆವೃತ್ತಿ ಸಂಖ್ಯೆ ನೋಡಿ ನಿಶ್ಚಿಂತೆಯಾಗಿ ಮಲಗಬಹುದೇ?

ಓಪನ್ ಸೋರ್ಸ್ (ಯಾರು ಬೇಕಾದರೂ ಕೋಡ್ ಓದಬಹುದಾದ) ಸಾಫ್ಟ್‌ವೇರ್‌ಗಳ ಭದ್ರತಾ ದೋಷಗಳ ಬಗ್ಗೆ ಬಂದ ಪತ್ರಗಳಲ್ಲಿ ಏಳನ್ನು ಈ ಸಲ ಆಯ್ದುಕೊಂಡಿದ್ದೇವೆ. ಕಮಾಂಡ್‌ಗಳನ್ನೂ ಫೈಲ್ ಹೆಸರುಗಳನ್ನೂ ಕನ್ನಡ ಅಕ್ಷರಗಳಲ್ಲೇ ಅಚ್ಚು ಹಾಕಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಬಳಸಿಕೊಳ್ಳಿ.

ಪ್ರಶ್ನೆ: ನಮ್ಮ ಕಾಲೇಜಿನ ಸರ್ವರ್‌ನಲ್ಲಿ ಉಬುಂಟು 22.04 ಇದೆ. ಅಪ್‌ಡೇಟ್ ಒಂದನ್ನೂ ಬಿಟ್ಟಿಲ್ಲ. ಆದರೂ ಆಡಿಟ್‌ಗೆ ಬಂದವರ ಸ್ಕ್ಯಾನರ್, ದೂರದಿಂದ ಲಾಗಿನ್ ಆಗಲು ಬಳಸುವ ಸಾಫ್ಟ್‌ವೇರ್ ಬಗ್ಗೆ ‘ಓಪನ್‌ಎಸ್‌ಎಸ್‌ಎಚ್ 8.9 ಅಪಾಯಕಾರಿ, 9.8ಕ್ಕೆ ಏರಿಸಿ’ ಎಂದು ಕೆಂಪಕ್ಷರದಲ್ಲಿ ವರದಿ ಕೊಟ್ಟಿದೆ. ಉಬುಂಟು 22.04ರಲ್ಲಿ 9.8 ಸಿಗುವುದೇ ಇಲ್ಲವಲ್ಲ, ಏನು ಮಾಡಲಿ?
– ಲ್ಯಾಬ್ ಸಹಾಯಕರು, ಹಾಸನ

ಉತ್ತರ: ನಿಮ್ಮ ಸರ್ವರ್ ಬಹುಶಃ ಸರಿಯಾಗೇ ಇದೆ, ತಪ್ಪು ಓದಿರುವುದು ಸ್ಕ್ಯಾನರ್. ಅದು ದೂರದಿಂದ ಸರ್ವರ್‌ನ ಬಾಗಿಲು ತಟ್ಟಿ, ಒಳಗಿನಿಂದ ಬರುವ ‘ನಾನು 8.9’ ಎಂಬ ಒಂದು ಸಾಲನ್ನು ಕೇಳಿಸಿಕೊಂಡು ತೀರ್ಪು ಬರೆದಿದೆ.

ವರದಿಯಲ್ಲಿರುವ ದೋಷ ಸಿವಿಇ-2024-6387 ಇರಬೇಕು (ಸಿವಿಇ ಎಂದರೆ ಬಹಿರಂಗವಾದ ದೋಷಗಳಿಗೆ ಕೊಡುವ ಗುರುತಿನ ಸಂಖ್ಯೆ). 2024ರ ಜುಲೈ 1ರಂದು ಕ್ವಾಲಿಸ್ ಸಂಸ್ಥೆ ಪ್ರಕಟಿಸಿದ ಇದಕ್ಕೆ ‘ರಿಗ್ರೆಶನ್’ ಎಂಬ ಪದವನ್ನೇ ತಿರುಚಿದ ಅಡ್ಡಹೆಸರಿದೆ. ಕಾರಣ, ಇದು 2006ರಲ್ಲೇ ಒಮ್ಮೆ ಮುಚ್ಚಿದ್ದ ತೂತು. 2020ರಲ್ಲಿ ಕೋಡ್ ಮರುಜೋಡಿಸುವಾಗ ಮತ್ತೆ ತೆರೆದುಕೊಂಡಿತು, 8.5ರಿಂದ 9.7ರವರೆಗಿನ ಆವೃತ್ತಿಗಳಲ್ಲಿದೆ, 9.8ರಲ್ಲಿ ಸರಿಯಾಯಿತು. ಆದರೆ ಲಿನಕ್ಸ್ ಹಂಚುವ ಉಬುಂಟು, ಡೆಬಿಯನ್, ರೆಡ್ ಹ್ಯಾಟ್‌ನವರು ತಮ್ಮ ಸ್ಥಿರ ಆವೃತ್ತಿಗಳಲ್ಲಿ ಹಳೆಯದನ್ನು ತೆಗೆದು 9.8 ಕೂರಿಸುವುದಿಲ್ಲ. ಹಾಗೆ ಮಾಡಿದರೆ ಹಳೆಯ ಸೆಟ್ಟಿಂಗ್‌ಗಳು ಮುರಿಯಬಹುದು. ಬದಲಿಗೆ, ದೋಷ ಸರಿಪಡಿಸುವ ನಾಲ್ಕಾರು ಸಾಲನ್ನಷ್ಟೇ (ಪ್ಯಾಚ್) ಕತ್ತರಿಸಿ ತಂದು ಹಳೆಯ 8.9ಕ್ಕೆ ಹೊಲಿಯುತ್ತಾರೆ. ಇದಕ್ಕೆ ಬ್ಯಾಕ್‌ಪೋರ್ಟ್ ಎನ್ನುತ್ತಾರೆ. ಮೊದಲ ಭಾಗದ ಸಂಖ್ಯೆ ಹಾಗೇ ಉಳಿಯುತ್ತದೆ, ಬದಲಾಗುವುದು ಬಾಲ.

ಆ ಬಾಲವನ್ನು ನೋಡಿ. ‘ಡಿಪಿಕೆಜಿ -ಎಲ್ ಓಪನ್‌ಎಸ್‌ಎಸ್‌ಎಚ್-ಸರ್ವರ್’ ಕೊಟ್ಟಾಗ ಉಬುಂಟು 22.04ರಲ್ಲಿ 1:8.9ಪಿ1-3ಉಬುಂಟು0.10 ಅಥವಾ ಅದರ ಮುಂದಿನದು ಬಂದರೆ ಈ ದೋಷ ಮುಚ್ಚಿದೆ. ಇಲ್ಲಿ 0.10 ಎಂದರೆ 0.1 ಅಲ್ಲ, 0.9 ಆದ ಮೇಲಿನದು. ಇಷ್ಟಕ್ಕೇ ಎಡವಿದ ಆಡಿಟ್ ವರದಿಗಳಿವೆ. ಡೆಬಿಯನ್ 12 ಇರುವವರು 9.2ಪಿ1-2+ಡೆಬ್12ಯು3 ಅಥವಾ ಅದರ ಮುಂದಿನದನ್ನು ಹುಡುಕಬೇಕು. ರೆಡ್ ಹ್ಯಾಟ್ 8ರಲ್ಲಿರುವುದು ಓಪನ್‌ಎಸ್‌ಎಸ್‌ಎಚ್ 8.0, ಅದಕ್ಕೆ ಈ ದೋಷ ತಗುಲಿರಲೇ ಇಲ್ಲ. ರೆಡ್ ಹ್ಯಾಟ್ 9ರಲ್ಲಿ ಆಗ ಇದ್ದದ್ದು 8.7, ಅದಕ್ಕೆ ಪ್ಯಾಚ್ ಬೇಕು.

ಆಡಿಟರ್‌ಗೆ ಪುರಾವೆ ಬೇಕಲ್ಲ? ‘ಆಪ್ಟ್ ಚೇಂಜ್‌ಲಾಗ್ ಓಪನ್‌ಎಸ್‌ಎಸ್‌ಎಚ್-ಸರ್ವರ್’ ಕೊಟ್ಟು, ಬರುವ ಪಟ್ಟಿಯಲ್ಲಿ 6387 ಹುಡುಕಿ, ಆ ಭಾಗದ ಪ್ರಿಂಟ್ ಲಗತ್ತಿಸಿ. ರೆಡ್ ಹ್ಯಾಟ್ ಕುಟುಂಬದಲ್ಲಾದರೆ ‘ಆರ್‌ಪಿಎಂ -ಕ್ಯೂ --ಚೇಂಜ್‌ಲಾಗ್ ಓಪನ್‌ಎಸ್‌ಎಸ್‌ಎಚ್-ಸರ್ವರ್’. ಸ್ಕ್ಯಾನರ್‌ಗೆ ಸರ್ವರ್‌ನೊಳಗೆ ಲಾಗಿನ್ ಆಗಲು ಒಂದು ಖಾತೆ ಕೊಟ್ಟು ಮತ್ತೆ ಓಡಿಸಿ ಎಂದೂ ಕೇಳಬಹುದು. ಒಳಗೆ ಬಂದರೆ ಅದು ಪ್ಯಾಕೇಜಿನ ಪೂರ್ತಿ ಸಂಖ್ಯೆ ಓದುತ್ತದೆ, ಕೆಂಪು ಗುರುತು ತಾನಾಗಿ ಹೋಗುತ್ತದೆ.

ಮಾಡಬಾರದ್ದು ಒಂದಿದೆ. ಆಡಿಟರ್ ಬಾಯಿ ಮುಚ್ಚಿಸಲು 9.8ರ ಮೂಲ ಕೋಡ್ ಇಳಿಸಿಕೊಂಡು ನೀವೇ ಕಂಪೈಲ್ ಮಾಡಿ ಕೂರಿಸಬೇಡಿ. ಅಲ್ಲಿಂದಾಚೆಗೆ ಅದು ಉಬುಂಟುವಿನ ಲೆಕ್ಕದಿಂದ ಹೊರಗೆ. ಮುಂದಿನ ದೋಷಕ್ಕೆ ಪ್ಯಾಚ್ ಬಂದಾಗ ನಿಮ್ಮ ಸರ್ವರ್‌ಗೆ ತಲುಪುವುದಿಲ್ಲ, ತಲುಪಲಿಲ್ಲ ಎಂಬುದೂ ತಿಳಿಯುವುದಿಲ್ಲ.

ಪ್ಯಾಚ್ ಹಾಕಲು ಸಾಧ್ಯವೇ ಇಲ್ಲದ ಯಂತ್ರ ಇದ್ದರೆ, ಎಸ್‌ಎಸ್‌ಎಚ್‌ಡಿ ಕಾನ್ಫಿಗ್ ಫೈಲಿನಲ್ಲಿ ‘ಲಾಗಿನ್‌ಗ್ರೇಸ್‌ಟೈಮ್ 0’ ಎಂದು ಬರೆಯುವ ತಾತ್ಕಾಲಿಕ ದಾರಿ ಇದೆ. ಮಾಮೂಲಿಯಾಗಿ ಲಾಗಿನ್ ಆಗದೆ 120 ಸೆಕೆಂಡ್ ಕಳೆದವರನ್ನು ಹೊರಹಾಕಲು ಒಂದು ಅಲಾರಂ ಬಾರಿಸುತ್ತದೆ. ದೋಷ ಇರುವುದು ಆ ಅಲಾರಂ ಬಂದ ಗಳಿಗೆಯಲ್ಲಿ ಮಾಡುವ ಕೆಲಸದಲ್ಲಿ. 0 ಎಂದರೆ ಅಲಾರಂ ಇಲ್ಲ. ಆದರೆ ಆಗ ಯಾರು ಬೇಕಾದರೂ ಅರ್ಧ ಬಾಗಿಲಲ್ಲಿ ನಿಂತು ದಾರಿ ಕಟ್ಟಬಹುದು. ಹಾಗೆ ನಿಂತವರ ಸಂಖ್ಯೆ ಮಿತಿ ಮುಟ್ಟಿದರೆ ನೀವೇ ಲಾಗಿನ್ ಆಗಲಾರಿರಿ. ಹೊರಗಿನಿಂದ ಎಸ್‌ಎಸ್‌ಎಚ್ ಪೋರ್ಟ್‌ಗೆ ಬರುವವರನ್ನು ಫೈರ್‌ವಾಲ್‌ನಲ್ಲಿ ನಿಮ್ಮ ಐಪಿ ವಿಳಾಸಗಳಿಗಷ್ಟೇ ಸೀಮಿತಗೊಳಿಸುವುದು ಇದಕ್ಕಿಂತ ವಾಸಿ.

ಪ್ರಶ್ನೆ: ಅಪ್‌ಡೇಟ್ ಆದ ಮೇಲೆ ಸರ್ವರ್ ರೀಬೂಟ್ ಮಾಡಲೇಬೇಕೇ? ನಮ್ಮಲ್ಲಿ ವರ್ಷಕ್ಕೊಮ್ಮೆಯೂ ಮಾಡುವುದಿಲ್ಲ.
– ಹುಬ್ಬಳ್ಳಿಯಿಂದ

ಉತ್ತರ: ಕರ್ನಲ್ ಅಪ್‌ಡೇಟ್ ಆದರೆ ಮಾಡಲೇಬೇಕು. ಉಳಿದವುಗಳಲ್ಲಿ ಬಹುಪಾಲಿಗೆ ಆಯಾ ಸೇವೆಯನ್ನು ರೀಸ್ಟಾರ್ಟ್ ಮಾಡಿದರೆ ಸಾಕು, ಆದರೆ ಅದನ್ನಂತೂ ಮಾಡಲೇಬೇಕು. ಸಂಪರ್ಕವನ್ನು ಗುಪ್ತವಾಗಿಡುವ ಓಪನ್‌ಎಸ್‌ಎಸ್‌ಎಲ್‌ನಂಥ ಲೈಬ್ರರಿಯ (ಹಲವು ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಕೋಡ್) ಹೊಸ ಫೈಲ್ ಡಿಸ್ಕಿನಲ್ಲಿ ಬಂದು ಕೂತರೂ, ಆರು ತಿಂಗಳ ಹಿಂದೆ ಶುರುವಾದ ವೆಬ್ ಸರ್ವರ್ ಮೆಮೊರಿಯಲ್ಲಿ ಹಳೆಯ ಫೈಲನ್ನೇ ಹಿಡಿದುಕೊಂಡು ಓಡುತ್ತಿರುತ್ತದೆ. ‘ಎಲ್‌ಎಸ್‌ಒಎಫ್ -ಎನ್’ ಕೊಟ್ಟು ಬಂದ ಪಟ್ಟಿಯಲ್ಲಿ ದೊಡ್ಡಕ್ಷರದ ‘ಡಿಇಎಲ್’ ಇರುವ ಸಾಲುಗಳನ್ನು ಹೆಕ್ಕಿದರೆ, ಅಳಿಸಿಹೋದ ಲೈಬ್ರರಿಗೆ ಇನ್ನೂ ಜೋತುಬಿದ್ದಿರುವವರು ಯಾರು ಎಂದು ಕಾಣುತ್ತದೆ. ಡೆಬಿಯನ್, ಉಬುಂಟುವಿನಲ್ಲಿ ‘ನೀಡ್‌ರೀಸ್ಟಾರ್ಟ್’, ರೆಡ್ ಹ್ಯಾಟ್‌ನಲ್ಲಿ ‘ನೀಡ್ಸ್-ರೀಸ್ಟಾರ್ಟಿಂಗ್’ ಈ ಕೆಲಸವನ್ನೇ ಸುಲಭ ಮಾಡುತ್ತವೆ.

2014ರ ಏಪ್ರಿಲ್ 7ರಂದು ಹೊರಬಿದ್ದ ಹಾರ್ಟ್‌ಬ್ಲೀಡ್‌ನಲ್ಲಿ ಇದೇ ಪಾಠ ದುಬಾರಿಯಾಯಿತು. ಓಪನ್‌ಎಸ್‌ಎಸ್‌ಎಲ್ 1.0.1ರಿಂದ 1.0.1ಎಫ್‌ವರೆಗಿನ ದೋಷ ಅದು. ‘ನಾನು ಕಳಿಸಿದ್ದನ್ನೇ ವಾಪಸ್ ಕಳಿಸು’ ಎನ್ನುವ ಸಂದೇಶದಲ್ಲಿ ಉದ್ದವನ್ನು ಸುಳ್ಳು ಹೇಳಿದರೆ, ಸರ್ವರ್ ಪರೀಕ್ಷಿಸದೆ ತನ್ನ ಮೆಮೊರಿಯ 64 ಕಿಲೋಬೈಟ್‌ವರೆಗೆ ಬಾಚಿ ಕೊಟ್ಟುಬಿಡುತ್ತಿತ್ತು. ಎಷ್ಟು ಸಲ ಬೇಕಾದರೂ ಕೇಳಬಹುದಿತ್ತು, ಲಾಗ್‌ನಲ್ಲಿ ಗುರುತೂ ಉಳಿಯುತ್ತಿರಲಿಲ್ಲ. ಆಗ ಪ್ಯಾಚ್, ರೀಸ್ಟಾರ್ಟ್, ಹೊಸ ಪ್ರೈವೇಟ್ ಕೀ, ಹೊಸ ಸರ್ಟಿಫಿಕೇಟ್, ಹಳೆಯದರ ರದ್ದು, ಆಮೇಲೆ ಬಳಕೆದಾರರ ಪಾಸ್‌ವರ್ಡ್ ಬದಲು – ಈ ಕ್ರಮದಲ್ಲೇ ಹೋಗಬೇಕಿತ್ತು. ಹಲವರು ಹಳೆಯ ಕೀಯನ್ನೇ ಇಟ್ಟುಕೊಂಡು ಸರ್ಟಿಫಿಕೇಟ್ ಮಾತ್ರ ಹೊಸದು ಮಾಡಿಸಿದರು. ಕಳ್ಳನ ಕೈಗೆ ಕೀಲಿಕೈ ಸಿಕ್ಕಿದ ಮೇಲೆ ಬಾಗಿಲಿಗೆ ಬಣ್ಣ ಹೊಡೆಸಿದಂತೆ.

ಪ್ರಶ್ನೆ: ನಮ್ಮ ಸಹಕಾರ ಸಂಘದಲ್ಲಿ ಹಳೆಯ ಜಾವಾ ಸಾಫ್ಟ್‌ವೇರ್ ಇದೆ. ಮಾಡಿಕೊಟ್ಟವರು ಈಗ ಫೋನೇ ಎತ್ತುವುದಿಲ್ಲ. ಅದರಲ್ಲಿ ‘ಲಾಗ್‌ಫೋರ್‌ಜೆ’ ದೋಷ ಇದೆಯೋ ಇಲ್ಲವೋ ಹೇಗೆ ಪತ್ತೆ ಮಾಡುವುದು? ಇದ್ದರೆ ನಾವೇ ಸರಿ ಮಾಡಬಹುದೇ?
– ಕಾರ್ಯದರ್ಶಿ, ದಾವಣಗೆರೆ ಜಿಲ್ಲೆ

ಉತ್ತರ: ಪತ್ತೆ ಮಾಡಬಹುದು, ತಾತ್ಕಾಲಿಕವಾಗಿ ಸರಿಯೂ ಮಾಡಬಹುದು. ಸಂಘದ ಕಂಪ್ಯೂಟರ್ ನೋಡಿಕೊಳ್ಳುವ ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿ.

ಲಾಗ್‌ಫೋರ್‌ಜೆ ಎಂದರೆ ಜಾವಾ ಪ್ರೋಗ್ರಾಂಗಳು ದಿನಚರಿ ಬರೆದುಕೊಳ್ಳಲು ಬಳಸುವ ಲೈಬ್ರರಿ. ಬರೆದುಕೊಳ್ಳುವ ಸಾಲಿನಲ್ಲಿ ಡಾಲರ್ ಗುರುತು, ಪುಷ್ಪಾವರಣ, ‘ಜೆಎನ್‌ಡಿಐ’ ಎಂಬ ಪದ ಮತ್ತು ಒಂದು ವಿಳಾಸ ಇದ್ದರೆ, ಬರೆದು ಸುಮ್ಮನಾಗುವ ಬದಲು ಆ ವಿಳಾಸಕ್ಕೆ ಹೋಗಿ ಅಲ್ಲಿ ಕೊಟ್ಟ ಕೋಡನ್ನು ತಂದು ಓಡಿಸುತ್ತಿತ್ತು. ಲಾಗಿನ್ ಪುಟದ ‘ಬಳಕೆದಾರ ಹೆಸರು’ ಜಾಗದಲ್ಲಿ ಆ ಸಾಲು ಟೈಪ್ ಮಾಡಿದರೂ ಸಾಕಿತ್ತು, ಏಕೆಂದರೆ ತಪ್ಪು ಹೆಸರನ್ನು ಪ್ರೋಗ್ರಾಂ ನಿಷ್ಠೆಯಿಂದ ಲಾಗ್‌ನಲ್ಲಿ ಬರೆದುಕೊಳ್ಳುತ್ತದೆ. 2021ರ ಡಿಸೆಂಬರ್‌ನಲ್ಲಿ ಬಹಿರಂಗವಾದ ಇದು ಸಿವಿಇ-2021-44228; ತೀವ್ರತೆಯ ಅಂಕ ಹತ್ತಕ್ಕೆ ಹತ್ತು.

ಹುಡುಕುವಾಗ ಎಲ್ಲರೂ ಮಾಡುವ ತಪ್ಪು, ‘ಲಾಗ್‌ಫೋರ್‌ಜೆ’ ಹೆಸರಿನ ಫೈಲ್ ಇದೆಯೇ ಎಂದು ನೋಡಿ, ಸಿಗದಿದ್ದರೆ ಇಲ್ಲ ಎಂದುಕೊಳ್ಳುವುದು. ಜಾವಾದ ಜಾರ್ ಫೈಲ್ ನಿಜವಾಗಿ ಒಂದು ಜಿಪ್ ಕಟ್ಟು. ಕಟ್ಟಿನೊಳಗೆ ಕಟ್ಟು, ಅದರೊಳಗೆ ಇನ್ನೊಂದು ಇರಬಹುದು. ಕೆಲವರು ಲೈಬ್ರರಿಯನ್ನು ಬಿಚ್ಚಿ ತಮ್ಮ ಕೋಡಿನ ಜೊತೆ ಕಲಸಿಯೂ ಇಟ್ಟಿರುತ್ತಾರೆ. ಆದ್ದರಿಂದ ಕಟ್ಟಿನ ಹೆಸರನ್ನಲ್ಲ, ಒಳಗಿನ ಒಂದು ಫೈಲನ್ನು ಹುಡುಕಿ: ‘ಜೆಎನ್‌ಡಿಐಲುಕಪ್.ಕ್ಲಾಸ್’. ಸಾಫ್ಟ್‌ವೇರ್ ಇರುವ ಫೋಲ್ಡರಿನ ಜಾರ್, ವಾರ್, ಇಯರ್ ಫೈಲುಗಳನ್ನೆಲ್ಲ ಒಂದು ನಕಲು ಮಾಡಿಕೊಂಡು, ನಕಲನ್ನು ‘ಅನ್‌ಜಿಪ್ -ಎಲ್’ನಿಂದ ಪಟ್ಟಿ ಮಾಡಿ ನೋಡಿ. ಒಳಗೆ ಮತ್ತೆ ಜಾರ್ ಕಂಡರೆ ಅದನ್ನೂ ಬಿಚ್ಚಿ. ‘ಟ್ರಿವಿ’, ‘ಸಿಫ್ಟ್’ನಂಥ ಉಚಿತ ಉಪಕರಣಗಳು ಒಳಗಿನ ಕಟ್ಟುಗಳನ್ನೂ ಬಿಚ್ಚಿ ಓದುತ್ತವೆ, ಕಲಸಿಟ್ಟ ಕಟ್ಟುಗಳಲ್ಲಿ ಮಾತ್ರ ಕೈಹುಡುಕಾಟವೇ ಗತಿ.

ಸಿಕ್ಕಿತು ಅನ್ನಿ. ಆವೃತ್ತಿ 2.0-ಬೀಟಾ9ರಿಂದ 2.14.1ರವರೆಗೆ ಇದ್ದರೆ (ಜಾವಾ 7, 6ಕ್ಕೆಂದು ಆಮೇಲೆ ಸರಿಪಡಿಸಿ ಕೊಟ್ಟವನ್ನು ಬಿಟ್ಟು) ಪೂರ್ತಿ ಅಪಾಯ. 2.15.0 ಬಂತು, ಅರ್ಧಂಬರ್ಧ ಸರಿಯಾಗಿತ್ತು. 2.16.0 ಬಂತು, ಆದರೂ ಸರ್ವರನ್ನು ನಿಲ್ಲಿಸಿಬಿಡುವ ಇನ್ನೊಂದು ದೋಷ ಉಳಿದಿತ್ತು. ಅದನ್ನು 2.17.0 ಮುಚ್ಚಿತು, ಉಳಿದೊಂದು ಸಣ್ಣದನ್ನು 2.17.1. ಮಳೆ ನಿಂತರೂ ಮರದ ಹನಿ ನಿಲ್ಲದು ಎಂಬಂತೆ ಒಂದೇ ತಿಂಗಳಲ್ಲಿ ನಾಲ್ಕು ಆವೃತ್ತಿ. ನಿಮಗೆ ಬೇಕಾದ್ದು 2.17.1 ಅಥವಾ ಮೇಲಿನದು, ಅದಕ್ಕೆ ಜಾವಾ 8 ಬೇಕು. ಯಂತ್ರದಲ್ಲಿ ಜಾವಾ 7 ಇದ್ದರೆ 2.12.4, ಜಾವಾ 6 ಇದ್ದರೆ 2.3.2.

ಮಾಡಿಕೊಟ್ಟವರೇ ಇಲ್ಲದಾಗ ಹೊಸ ಆವೃತ್ತಿ ಕೂರಿಸಲು ಧೈರ್ಯ ಸಾಲದಿದ್ದರೆ, ಆ ಒಂದು ಕ್ಲಾಸ್ ಫೈಲನ್ನು ಕಟ್ಟಿನಿಂದ ಕಿತ್ತುಹಾಕಬಹುದು. ಮೊದಲು ಸಾಫ್ಟ್‌ವೇರ್ ನಿಲ್ಲಿಸಿ, ಜಾರ್‌ನ ಪ್ರತಿಯನ್ನು ಬೇರೆ ಡ್ರೈವ್‌ನಲ್ಲಿಡಿ (ಅದೇ ಫೋಲ್ಡರಿನಲ್ಲಿಟ್ಟರೆ ಜಾವಾ ಆ ಹಳೆಯದನ್ನೇ ಎತ್ತಿಕೊಂಡೀತು). ಆಮೇಲೆ ‘ಜಿಪ್ -ಕ್ಯೂ -ಡಿ’, ಜಾರ್‌ನ ಹೆಸರು, ಕ್ಲಾಸ್ ಫೈಲಿನ ಪೂರ್ತಿ ದಾರಿ ಕೊಡಿ. ಮತ್ತೆ ಪಟ್ಟಿ ಮಾಡಿ ಹೋಗಿದೆಯೇ ಎಂದು ನೋಡಿ, ಶುರು ಮಾಡಿ. ಸ್ಪ್ರಿಂಗ್ ಬೂಟ್ ಎಂಬ ಜಾವಾ ಚೌಕಟ್ಟಿನಲ್ಲಿ ಮಾಡಿದ ಸಾಫ್ಟ್‌ವೇರ್ ಆದರೆ ಒಂದು ತೊಡಕಿದೆ: ಒಳಗಿನ ಜಾರ್‌ಗಳು ಕುಗ್ಗಿಸದೆ ಇರಬೇಕು. ಬಿಚ್ಚಿ, ಸರಿಮಾಡಿ, ಮಾಮೂಲಿ ಜಿಪ್ ಮಾಡಿ ವಾಪಸ್ ಇಟ್ಟರೆ ಶುರುವೇ ಆಗುವುದಿಲ್ಲ. ಹೊರಕಟ್ಟಿಗೆ ಸೇರಿಸುವಾಗ ‘ಜಿಪ್ -0’ ಕೊಡಿ.

‘ಫಾರ್ಮ್ಯಾಟ್‌ಎಂಎಸ್‌ಜಿನೋಲುಕಪ್ಸ್’ ಎಂಬ ಸ್ವಿಚ್ ಹಾಕಿದರೆ ಸಾಕು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು 2.10ಕ್ಕಿಂತ ಹಳೆಯದರಲ್ಲಿ ಕೆಲಸವನ್ನೇ ಮಾಡುವುದಿಲ್ಲ. ಹೊಸದರಲ್ಲೂ ಸಾಲದೆಂದು ಮೊದಲ ವಾರದಲ್ಲೇ ಗೊತ್ತಾಯಿತು. ಲಾಗ್‌ಫೋರ್‌ಜೆ 1 ಸಿಕ್ಕಿದರೆ ಅದಕ್ಕೆ ಈ ದೋಷ ಇಲ್ಲ. ಆದರೆ 2015ರಲ್ಲೇ ಅದನ್ನು ನಿವೃತ್ತಿ ಮಾಡಲಾಗಿದೆ, ಅದರವೇ ಬೇರೆ ದೋಷಗಳಿವೆ.

ಇದಕ್ಕಿಂತ ಮುಖ್ಯವಾದ ಕೆಲಸ ಫೈರ್‌ವಾಲ್‌ನದು. ಈ ದಾಳಿ ಗೆಲ್ಲಬೇಕಾದರೆ ನಿಮ್ಮ ಸರ್ವರ್ ತಾನಾಗಿ ಹೊರಗಿನ ವಿಳಾಸಕ್ಕೆ ಹೋಗಬೇಕು. ಸಂಘದ ಲೆಕ್ಕದ ಸರ್ವರ್‌ಗೆ ಇಂಟರ್‌ನೆಟ್‌ಗೆ ತಾನಾಗಿ ಹೋಗುವ ಕೆಲಸ ಏನಿದೆ? ಹೊರಹೋಗುವುದನ್ನು ಪೂರ್ತಿ ಮುಚ್ಚಿ, ಬೇಕಾದ ಒಂದೆರಡು ವಿಳಾಸ ಮಾತ್ರ ಬಿಡಿ. ಇಂಥ ಕರೆಗಳು ಮಾಮೂಲಿಯಾಗಿ ಹೋಗುವ 389ನೇ ಪೋರ್ಟ್ ಒಂದನ್ನು ಮುಚ್ಚಿ ಕೈತೊಳೆದುಕೊಳ್ಳಬೇಡಿ, ದಾಳಿಕೋರ ಯಾವ ಪೋರ್ಟನ್ನಾದರೂ ಬರೆಯಬಲ್ಲ.

ಹಳೆಯ ಲಾಗ್‌ಗಳಲ್ಲಿ ‘ಜೆಎನ್‌ಡಿಐ’ ಕಂಡರೆ ಗಾಬರಿ ಬೇಡ. ಯಾರೋ ಬಾಗಿಲು ತಟ್ಟಿದ್ದರು ಅಷ್ಟೆ. ಕಾಣದಿದ್ದರೆ ಸಮಾಧಾನವೂ ಬೇಡ, ಆ ಪದವನ್ನು ಅಕ್ಷರ ಅಕ್ಷರ ಒಡೆದು ಮರೆಮಾಚಿ ಬರೆಯುವ ಹತ್ತಾರು ವಿಧಾನಗಳಿವೆ. ಸರ್ವರ್ 2021ರಿಂದ ಈವರೆಗೆ ಪ್ಯಾಚ್ ಇಲ್ಲದೆ ಇಂಟರ್‌ನೆಟ್‌ಗೆ ತೆರೆದುಕೊಂಡೇ ಇತ್ತು ಎನ್ನುವುದಾದರೆ, ನಮ್ಮ ಸಲಹೆ ಖಂಡಿತ: ಒಳಗೆ ಯಾರೋ ಬಂದಿದ್ದಾರೆ ಎಂದೇ ತಿಳಿದು, ಡೇಟಾ ಮಾತ್ರ ತೆಗೆದುಕೊಂಡು ಹೊಸ ಯಂತ್ರದಲ್ಲಿ ಮೊದಲಿನಿಂದ ಕೂರಿಸಿ.

ಪ್ರಶ್ನೆ: ಇದಕ್ಕೇ ಹೇಳುವುದು, ಬಿಟ್ಟಿ ಸಾಫ್ಟ್‌ವೇರ್ ಬೇಡ ಅಂತ. ದುಡ್ಡು ಕೊಟ್ಟು ತಗೊಂಡರೆ ಈ ತಲೆನೋವು ಇರಲ್ಲ ಅಲ್ವಾ?
– ಮೈಸೂರಿನಿಂದ

ಉತ್ತರ: ಮೇಲಿನ ಸಂಘದವರು ದುಡ್ಡು ಕೊಟ್ಟೇ ತೆಗೆದುಕೊಂಡಿದ್ದರು. ಒಳಗಿರಬಹುದೆಂದು ಈಗ ಹುಡುಕುತ್ತಿರುವುದು ಅದೇ ಬಿಟ್ಟಿ ಲಾಗ್‌ಫೋರ್‌ಜೆ.

ಪ್ರಶ್ನೆ: ಓಪನ್ ಸೋರ್ಸ್ ಕೋಡನ್ನು ಲೋಕವೇ ಓದಬಹುದು ಅನ್ನುತ್ತಾರೆ. ಹಾಗಿದ್ದರೆ 2024ರಲ್ಲಿ ಕಡತ ಕುಗ್ಗಿಸುವ ‘ಎಕ್ಸ್‌ಜೆಡ್’ನೊಳಗೆ ಹಿಂಬಾಗಿಲು ಹೇಗೆ ಸೇರಿತು? ನನ್ನ ಲ್ಯಾಪ್‌ಟಾಪ್‌ನಲ್ಲೂ ಕಾಳಿ ಲಿನಕ್ಸ್ ಇದೆ, ಹೇಗೆ ನೋಡಿಕೊಳ್ಳಲಿ?
– ಇಂಜಿನಿಯರಿಂಗ್ ವಿದ್ಯಾರ್ಥಿನಿ, ಬೆಳಗಾವಿ

ಉತ್ತರ: ಲೋಕ ಓದುತ್ತಿದ್ದದ್ದು ಒಂದು, ಲೋಕಕ್ಕೆ ಹಂಚಿದ್ದು ಇನ್ನೊಂದು. ಗಿಟ್‌ನಲ್ಲಿ ಎಲ್ಲರ ಕಣ್ಣಿಗೆ ಬೀಳುವ ಕೋಡ್‌ನಲ್ಲಿ ವಿಷ ಪೂರ್ತಿಯಾಗಿ ಇರಲೇ ಇಲ್ಲ. ಬಿಡುಗಡೆಗೆಂದು ಕಟ್ಟಿಕೊಟ್ಟ ಟಾರ್ ಫೈಲಿನಲ್ಲಿ ಮಾತ್ರ ‘ಬಿಲ್ಡ್-ಟು-ಹೋಸ್ಟ್.ಎಂ4’ ಎಂಬ ಫೈಲಿಗೆ ಕೆಲವು ಸಾಲು ಸೇರಿಸಲಾಗಿತ್ತು. ಆ ಸಾಲುಗಳು, ಪರೀಕ್ಷೆಗೆಂದು ಇಟ್ಟಿದ್ದ ‘ಕೆಟ್ಟುಹೋದ ಕಡತ’ದ ನಮೂನೆಗಳೊಳಗಿಂದ ನಿಜವಾದ ದುಷ್ಟ ಕೋಡನ್ನು ಬಿಡಿಸಿ ತೆಗೆಯುತ್ತಿದ್ದವು. ಕುಗ್ಗಿಸುವ ಸಾಫ್ಟ್‌ವೇರ್‌ನಲ್ಲಿ ಕೆಟ್ಟ ಕಡತದ ನಮೂನೆ ಇರುವುದು ಸಹಜ; ಅದನ್ನು ತೆರೆದು ಓದುವವರು ಯಾರು? ಕಂಪೈಲ್ ಆಗುತ್ತಿರುವುದು ಡೆಬಿಯನ್ ಅಥವಾ ಆರ್‌ಪಿಎಂ ಪ್ಯಾಕೇಜಿಗಾಗಿ, ಅದೂ ಎಕ್ಸ್86-64 ಲಿನಕ್ಸ್‌ಗೆ ಎಂದು ಖಚಿತವಾದರಷ್ಟೇ ಅದು ಎಚ್ಚರಗೊಳ್ಳುತ್ತಿತ್ತು.

ಎಕ್ಸ್‌ಜೆಡ್‌ಗೂ ಎಸ್‌ಎಸ್‌ಎಚ್‌ಗೂ ನೇರ ನೆಂಟಸ್ತಿಕೆ ಇಲ್ಲ. ಡೆಬಿಯನ್, ಫೆಡೋರಾದಂಥವರು ಎಸ್‌ಎಸ್‌ಎಚ್ ಸರ್ವರ್‌ಗೆ, ಯಂತ್ರದ ಸೇವೆಗಳನ್ನು ನಡೆಸುವ ಸಿಸ್ಟಂಡಿಯ ಲೈಬ್ರರಿ ಜೋಡಿಸುತ್ತಿದ್ದರು, ಆ ಲೈಬ್ರರಿಗೆ ಎಕ್ಸ್‌ಜೆಡ್‌ನ ‘ಲಿಬ್‌ಎಲ್‌ಜೆಡ್‌ಎಂಎ’ ಬೇಕಿತ್ತು. ಈ ಬಳಸುದಾರಿಯಲ್ಲಿ ಬಂದ ಕೋಡ್, ಲಾಗಿನ್ ವೇಳೆ ಆರ್‌ಎಸ್‌ಎ ಕೀಯನ್ನು ಪರೀಕ್ಷಿಸುವ ಜಾಗದಲ್ಲಿ ಹೊಕ್ಕು ಕೂತಿತು. ನಿರ್ದಿಷ್ಟ ಗುಪ್ತ ಕೀ ಹಿಡಿದು ಬಂದವನು ಹೇಳಿದ್ದನ್ನೆಲ್ಲ ಓಡಿಸುವುದು ಅದರ ಕೆಲಸ.

ಸೇರಿಸಿದ್ದು ‘ಜಿಯಾ ಟಾನ್’ ಎಂಬ ಹೆಸರಿನ ಖಾತೆ. 2021ರ ಕೊನೆಯಿಂದ ಸಣ್ಣಪುಟ್ಟ ಪ್ಯಾಚ್ ಕಳಿಸುತ್ತ ಬಂತು. 2022ರಲ್ಲಿ, ವರ್ಷಗಟ್ಟಲೆ ಬಹುತೇಕ ಒಬ್ಬರೇ ಯೋಜನೆ ನಡೆಸುತ್ತಿದ್ದ ಲಾಸ್ಸೆ ಕಾಲಿನ್ ಅವರ ಮೇಲೆ ‘ಕೆಲಸ ನಿಧಾನ, ಬೇರೆಯವರಿಗೆ ಬಿಟ್ಟುಕೊಡಿ’ ಎಂದು ಬೇರೆ ಬೇರೆ ಹೆಸರುಗಳಿಂದ ಒತ್ತಡದ ಪತ್ರಗಳು ಬಂದವು. 2023ರ ಹೊತ್ತಿಗೆ ಬಿಡುಗಡೆ ಮಾಡುವ ಅಧಿಕಾರವೇ ಆ ಖಾತೆಯ ಕೈಯಲ್ಲಿತ್ತು. ಬೇಲಿಯೇ ಎದ್ದು ಹೊಲ ಮೇಯುವುದಕ್ಕೆ ಮುಂಚೆ ಎರಡು ವರ್ಷ ನಿಯತ್ತಾಗಿ ಬೇಲಿಯ ಕೆಲಸ ಮಾಡಿತ್ತು. ಇನ್ನೊಂದು ಕಡೆ, ಲ್ಯಾಂಡ್‌ಲಾಕ್ ಎಂಬ ರಕ್ಷಣೆ ಚಾಲೂ ಆಗದಂತೆ ಪರೀಕ್ಷಾ ಕೋಡಿನ ನಡುವೆ ಒಂದೇ ಒಂದು ಚುಕ್ಕಿ ಇಟ್ಟುಬಿಟ್ಟಿತ್ತು; ಓದುವವರ ಕಣ್ಣಿಗೆ ಅದು ಪರದೆಯ ಧೂಳು.

ಸಿಕ್ಕಿಬಿದ್ದದ್ದು ಅರ್ಧ ಸೆಕೆಂಡಿನಿಂದ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡೆವಲಪರ್ ಆಂಡ್ರೆಸ್ ಫ್ರಾಯ್ಂಡ್ ವೇಗದ ಅಳತೆಗೆಂದು ಯಂತ್ರವನ್ನು ಪೂರ್ತಿ ಶಾಂತಗೊಳಿಸುತ್ತಿದ್ದಾಗ, ವಿಫಲವಾಗುವ ಎಸ್‌ಎಸ್‌ಎಚ್ ಲಾಗಿನ್‌ಗಳೂ ಅತಿಯಾಗಿ ಸಿಪಿಯು ತಿನ್ನುವುದು ಕಂಡಿತು. ಅಳೆದರೆ 0.299 ಸೆಕೆಂಡ್ ಆಗಬೇಕಿದ್ದದ್ದು 0.807. ಬೆನ್ನುಹತ್ತಿ ಹೋಗಿ, 2024ರ ಮಾರ್ಚ್ 29ರಂದು ಎಲ್ಲರಿಗೂ ತಿಳಿಸಿದರು. ಕೋಡ್ ಓದುವ ಸಾವಿರ ಕಣ್ಣುಗಳ ಬಗ್ಗೆ ನಾವು ಹೇಳಬಹುದಾದದ್ದು ಇಷ್ಟೇ: ಈ ಸಲ ಬೇಕಾದದ್ದು ಒಂದು ಜೊತೆ, ಅದೂ ಬೇರೆ ಕೆಲಸದಲ್ಲಿದ್ದದ್ದು.

ನಿಮ್ಮ ಲ್ಯಾಪ್‌ಟಾಪ್ ವಿಷಯ. ‘ಎಕ್ಸ್‌ಜೆಡ್ --ವರ್ಶನ್’ ಕೊಡಿ. ವಿಷ ಇದ್ದದ್ದು 5.6.0 ಮತ್ತು 5.6.1ರಲ್ಲಿ ಮಾತ್ರ. ಕಾಳಿ, ಡೆಬಿಯನ್ ಟೆಸ್ಟಿಂಗ್, ಓಪನ್‌ಸೂಸೆ ಟಂಬಲ್‌ವೀಡ್, ಫೆಡೋರಾದ ಪರೀಕ್ಷಾ ಆವೃತ್ತಿಗಳಿಗೆ ಅದು ತಲುಪಿತ್ತು. ಡೆಬಿಯನ್ ಸ್ಥಿರ ಆವೃತ್ತಿಗೆ ತಲುಪಿರಲಿಲ್ಲ. ಪ್ಯಾಕೇಜ್ ಪಟ್ಟಿಯಲ್ಲಿ ‘5.6.1+ರಿಯಲಿ5.4.5’ ಎಂದು ಕಂಡರೆ ಹೆದರಬೇಡಿ. ಸಂಖ್ಯೆಯನ್ನು ಹಿಂದಕ್ಕೆ ಇಳಿಸಲು ಪ್ಯಾಕೇಜ್ ವ್ಯವಸ್ಥೆ ಒಪ್ಪುವುದಿಲ್ಲವಾದ್ದರಿಂದ, ಡೆಬಿಯನ್‌ನವರು ಹೆಸರಿನಲ್ಲಿ 5.6.1 ಉಳಿಸಿಕೊಂಡು ಒಳಗೆ 5.4.5 ಇಟ್ಟು ಕಳಿಸಿದ ಪ್ಯಾಕೇಜ್ ಅದು. 2024ರ ಮಾರ್ಚ್ ಕೊನೆಯ ದಿನಗಳಲ್ಲಿ ಅಪ್‌ಡೇಟ್ ಮಾಡಿದ ಕಾಳಿಯನ್ನು ಇಂದಿಗೂ ಮುಟ್ಟದೆ ಇಟ್ಟಿದ್ದರೆ ಮಾತ್ರ ಹೊಸದಾಗಿ ಇನ್‌ಸ್ಟಾಲ್ ಮಾಡಿ.

ಪ್ರಶ್ನೆ: ನಮ್ಮ ಜಾವಾಸ್ಕ್ರಿಪ್ಟ್ ಪ್ರಾಜೆಕ್ಟ್‌ನಲ್ಲಿ ‘ಎನ್‌ಪಿಎಂ ಆಡಿಟ್’ ಕೊಟ್ಟರೆ ಹೊರಗಿನಿಂದ ತಂದ ಪ್ಯಾಕೇಜುಗಳಲ್ಲಿ 46 ದೋಷ ತೋರಿಸುತ್ತದೆ. ಸೊನ್ನೆ ಆಗಲೇಬೇಕು ಎಂದು ಮ್ಯಾನೇಜರ್ ಹಟ. ‘ಆಡಿಟ್ ಫಿಕ್ಸ್ --ಫೋರ್ಸ್’ ಕೊಟ್ಟರೆ ಆ್ಯಪ್ ಏಳುವುದೇ ಇಲ್ಲ.
– ಬೆಂಗಳೂರು, ವೈಟ್‌ಫೀಲ್ಡ್

ಉತ್ತರ: ‘ಫೋರ್ಸ್’ ಎಂದರೆ ಅದೇ: ‘ದೊಡ್ಡ ಆವೃತ್ತಿ ಬದಲಾದರೂ ಪರವಾಗಿಲ್ಲ, ದೋಷಗಳ ಸಂಖ್ಯೆ ಇಳಿಸು’. ಗಿಟ್‌ನಲ್ಲಿ ಹಿಂದಕ್ಕೆ ಹೋಗಿ ಮೊದಲಿನಿಂದ ಬನ್ನಿ.

ಮೊದಲು ‘ಎನ್‌ಪಿಎಂ ಆಡಿಟ್ --ಒಮಿಟ್=ಡೆವ್’. ಕಟ್ಟುವಾಗ ಮಾತ್ರ ಬಳಸುವ ಉಪಕರಣಗಳು ಪಟ್ಟಿಯಿಂದ ಹೊರಬೀಳುತ್ತವೆ, 46 ಹಲವು ಸಲ ಒಂದಂಕಿಗೆ ಇಳಿಯುತ್ತದೆ. ಉಳಿದ ಒಂದೊಂದಕ್ಕೂ ‘ಎನ್‌ಪಿಎಂ ಎಕ್ಸ್‌ಪ್ಲೇನ್’ ಕೊಟ್ಟು ಅದನ್ನು ಒಳಗೆ ತಂದವರು ಯಾರು ಎಂದು ನೋಡಿ. ನಿಮ್ಮ ಕೋಡ್ ಆ ದೋಷದ ಫಂಕ್ಷನ್ ಕರೆಯುತ್ತದೆಯೇ, ಹೊರಗಿನವರು ಕೊಟ್ಟ ಇನ್‌ಪುಟ್ ಅಲ್ಲಿವರೆಗೆ ಹೋಗುತ್ತದೆಯೇ ಎಂಬುದೇ ನಿಜವಾದ ಪ್ರಶ್ನೆ. ಮಧ್ಯದ ಪ್ಯಾಕೇಜಿನವರು ಅಪ್‌ಡೇಟ್ ಮಾಡದಿದ್ದರೆ ‘ಪ್ಯಾಕೇಜ್.ಜೇಸನ್’ನ ‘ಓವರ್‌ರೈಡ್ಸ್’ನಲ್ಲಿ ಸರಿಯಾದ ಆವೃತ್ತಿ ಬರೆದು, ಪರೀಕ್ಷೆಗಳನ್ನು ಓಡಿಸಿ.

ಮ್ಯಾನೇಜರ್ ಸಂಖ್ಯೆ ಕೇಳಿದರೆ ಬೇರೆ ಎರಡು ಕೊಡಿ. ಅಮೆರಿಕದ ಸರ್ಕಾರಿ ಸೈಬರ್ ಭದ್ರತಾ ಸಂಸ್ಥೆ ಸೀಸಾ 2021ರ ನವೆಂಬರ್‌ನಿಂದ ಇಟ್ಟುಕೊಂಡು ಬಂದಿರುವ, ನಿಜವಾಗಿ ದಾಳಿಗೆ ಬಳಕೆಯಾದ ದೋಷಗಳ ಕೆಇವಿ ಪಟ್ಟಿಯಲ್ಲಿ ನಿಮ್ಮವು ಎಷ್ಟಿವೆ. ಮುಂದಿನ 30 ದಿನದಲ್ಲಿ ದಾಳಿಗೆ ಬಳಕೆಯಾಗುವ ಸಂಭವ ಹೇಳುವ ಇಪಿಎಸ್‌ಎಸ್ ಅಂಕ ಯಾವುದಕ್ಕೆ ಜಾಸ್ತಿ. ಪಟ್ಟಿಯಲ್ಲಿರುವುದನ್ನು ಅದೇ ದಿನ ಸರಿಪಡಿಸಿ, ಉಳಿದದ್ದಕ್ಕೆ ಸರದಿ ಹಾಕಿ. ಅಮೆರಿಕದ ಈಕ್ವಿಫ್ಯಾಕ್ಸ್‌ನಲ್ಲಿ ಸುಮಾರು 14.7 ಕೋಟಿ ಜನರ ವಿವರ ಹೋದದ್ದು ಅಪಾಚೆ ಸ್ಟ್ರಟ್ಸ್‌ನ ಒಂದೇ ದೋಷದಿಂದ. ಪ್ಯಾಚ್ ಬಂದದ್ದು 2017ರ ಮಾರ್ಚ್‌ನಲ್ಲಿ, ಕಳ್ಳರು ವಿವರ ಕದಿಯಲು ಶುರು ಮಾಡಿದ್ದು ಮೇ ತಿಂಗಳಲ್ಲಿ.

ಹಾಗೆಂದು ಹೊಸ ಆವೃತ್ತಿ ಕಂಡ ಕೂಡಲೇ ಎಳೆದುಕೊಳ್ಳುವುದೂ ತಪ್ಪು. 2025ರ ಸೆಪ್ಟೆಂಬರ್ 8ರಂದು ‘ಚಾಕ್’, ‘ಡೀಬಗ್’ ಸೇರಿ ಹಲವು ಪ್ಯಾಕೇಜುಗಳ ನಿರ್ವಾಹಕರ ಖಾತೆಯನ್ನು ಮೋಸದ ಇಮೇಲ್‌ನಿಂದ ಕದ್ದು, ಕ್ರಿಪ್ಟೋ ಹಣದ ವಿಳಾಸ ಬದಲಿಸುವ ಕೋಡ್ ಸೇರಿಸಿ ಬಿಡುಗಡೆ ಮಾಡಲಾಯಿತು. ಕೆಲವೇ ಗಂಟೆಗಳಲ್ಲಿ ತೆಗೆದುಹಾಕಿದರು. ಪೆಟ್ಟು ತಿನ್ನಬಹುದಾಗಿದ್ದವರು ಆ ಗಂಟೆಗಳಲ್ಲಿ ಹೊಸದನ್ನು ಎಳೆದುಕೊಂಡವರು. ಅದಕ್ಕೇ ಆ್ಯಪ್ ಕಟ್ಟುವ (ಬಿಲ್ಡ್) ಯಂತ್ರದಲ್ಲಿ ‘ಎನ್‌ಪಿಎಂ ಇನ್‌ಸ್ಟಾಲ್’ ಬಿಟ್ಟು ‘ಎನ್‌ಪಿಎಂ ಸಿಐ’ ಬಳಸಿ, ಅದು ಆವೃತ್ತಿಗಳನ್ನು ಬರೆದಿಟ್ಟ ಲಾಕ್ ಫೈಲಿನಲ್ಲಿ ಇರುವುದನ್ನು ಬಿಟ್ಟು ಒಂದಿಂಚೂ ಕದಲುವುದಿಲ್ಲ. ಎನ್‌ಪಿಎಂಗೆ ಬದಲಿಯಾಗಿ ಬಳಸುವ ‘ಪಿಎನ್‌ಪಿಎಂ’ನಲ್ಲಿ 10.16ರಿಂದ ‘ಮಿನಿಮಮ್‌ರಿಲೀಸ್‌ಏಜ್’ ಎಂಬ ಸೆಟ್ಟಿಂಗ್ ಇದೆ. ಲೆಕ್ಕ ನಿಮಿಷದಲ್ಲಿ, 10080 ಕೊಟ್ಟರೆ ಒಂದು ವಾರ ಹಳೆಯದಾಗದ ಆವೃತ್ತಿಯನ್ನು ಮುಟ್ಟುವುದಿಲ್ಲ. ಗೊತ್ತಾದ ದೋಷದ ಪ್ಯಾಚ್ ಬಂದಾಗ ಮಾತ್ರ ಆ ಪ್ಯಾಕೇಜಿಗೆ ವಿನಾಯಿತಿ ಕೊಡಿ. ‘ಇಗ್ನೋರ್-ಸ್ಕ್ರಿಪ್ಟ್ಸ್’ ಒಳ್ಳೆಯ ಅಭ್ಯಾಸ, ಇನ್‌ಸ್ಟಾಲ್ ಆಗುವಾಗ ಓಡುವ ಸ್ಕ್ರಿಪ್ಟ್ ತಡೆಯುತ್ತದೆ. ಸೆಪ್ಟೆಂಬರ್ 8ರ ವಿಷ ಸ್ಕ್ರಿಪ್ಟ್‌ನಲ್ಲಿರದೆ ಪ್ಯಾಕೇಜಿನ ಕೋಡ್‌ನಲ್ಲೇ ಇತ್ತಾದ್ದರಿಂದ ಅದಕ್ಕೆ ಈ ಮದ್ದು ನಾಟುತ್ತಿರಲಿಲ್ಲ.

ಪ್ರಶ್ನೆ: ನಮ್ಮ ಸೀರೆ ಅಂಗಡಿಯ ವರ್ಡ್‌ಪ್ರೆಸ್ ಸೈಟ್ ತೆರೆದರೆ ಜೂಜಿನ ಪುಟಕ್ಕೆ ಹೋಗುತ್ತಿತ್ತು. ಪ್ಲಗಿನ್‌ಗಳನ್ನೆಲ್ಲ ಅಪ್‌ಡೇಟ್ ಮಾಡಿದೆವು, ನಾಲ್ಕು ದಿನ ಸರಿ ಇದ್ದು ಮತ್ತೆ ಅದೇ ಕಥೆ.
– ಶಿವಮೊಗ್ಗದಿಂದ

ಉತ್ತರ: ಅಪ್‌ಡೇಟ್ ಮಾಡಿದ್ದರಿಂದ ಕಳ್ಳ ಬಂದ ತೂತು ಮುಚ್ಚಿತು. ಕಳ್ಳ ಒಳಗೇ ಇದ್ದಾನೆ.

ತೂತು ಎಂಥದ್ದಿರಬಹುದು ಎಂಬುದಕ್ಕೆ ಒಂದು ಉದಾಹರಣೆ: 50 ಲಕ್ಷಕ್ಕೂ ಹೆಚ್ಚು ಸೈಟ್‌ಗಳಲ್ಲಿದ್ದ ಲೈಟ್‌ಸ್ಪೀಡ್ ಕ್ಯಾಶ್ ಪ್ಲಗಿನ್‌ನಲ್ಲಿ 2024ರ ಆಗಸ್ಟ್‌ವರೆಗೆ ಗುಪ್ತ ಸಂಕೇತವೊಂದನ್ನು ಮೈಕ್ರೋಸೆಕೆಂಡ್ ಗಡಿಯಾರ ನೋಡಿ ಹುಟ್ಟಿಸುತ್ತಿದ್ದರು. ಆದ್ದರಿಂದ ಸಾಧ್ಯವಿದ್ದದ್ದು ಬರೀ 10 ಲಕ್ಷ ಸಂಕೇತ. ಸೆಕೆಂಡಿಗೆ ಮೂರರಂತೆ ಊಹಿಸುತ್ತ ಹೋದರೂ ನಾಲ್ಕು ದಿನದೊಳಗೆ ಎಲ್ಲವೂ ಮುಗಿಯುತ್ತದೆ. ಸಿಕ್ಕಿದವನು ತನಗೊಂದು ಅಡ್ಮಿನ್ ಖಾತೆ ಮಾಡಿಕೊಳ್ಳಬಹುದಿತ್ತು. 6.4ರಲ್ಲಿ ಇದು ಸರಿಯಾಯಿತು. ಆದರೆ ಅಷ್ಟರಲ್ಲಿ ಹುಟ್ಟಿದ ಅಡ್ಮಿನ್ ಖಾತೆಯನ್ನು 6.4 ಅಳಿಸುವುದಿಲ್ಲ.

ಶುಚಿ ಮಾಡುವ ಮುಂಚೆ ಸೈಟ್ ಇಳಿಸಿ, ಫೈಲುಗಳನ್ನೂ ಡೇಟಾಬೇಸನ್ನೂ ಇದ್ದ ಸ್ಥಿತಿಯಲ್ಲೇ ನಕಲು ತೆಗೆದಿಡಿ. ಆಮೇಲೆ ಬಳಕೆದಾರರ ಪಟ್ಟಿ. ಡ್ಯಾಶ್‌ಬೋರ್ಡ್ ನಂಬಬೇಡಿ, ಕೆಲವು ಕೀಟಲೆ ಕೋಡ್‌ಗಳು ತಮ್ಮ ಖಾತೆಯನ್ನು ಅಲ್ಲಿ ಮರೆಮಾಚುತ್ತವೆ. ಡೇಟಾಬೇಸ್‌ನ ಬಳಕೆದಾರರ ಟೇಬಲ್ಲನ್ನೇ ತೆರೆದು ನೋಡಿ. ಹೋಸ್ಟಿಂಗ್‌ನಲ್ಲಿ ಡಬ್ಲ್ಯುಪಿ-ಸಿಎಲ್‌ಐ (ವರ್ಡ್‌ಪ್ರೆಸ್‌ಗೆ ಕಮಾಂಡ್ ಕೊಡುವ ಉಪಕರಣ) ಇದ್ದರೆ ‘ಡಬ್ಲ್ಯುಪಿ ಕೋರ್ ವೆರಿಫೈ-ಚೆಕ್‌ಸಮ್ಸ್’ ಮತ್ತು ‘ಡಬ್ಲ್ಯುಪಿ ಪ್ಲಗಿನ್ ವೆರಿಫೈ-ಚೆಕ್‌ಸಮ್ಸ್ --ಆಲ್’ ಕೊಡಿ. ಮೂಲದ ಜೊತೆ ಹೋಲಿಸಿ, ಬದಲಾದ ಫೈಲನ್ನೂ ಹೆಚ್ಚುವರಿ ಫೈಲನ್ನೂ ಹೇಳುತ್ತದೆ. ಹಣ ಕೊಟ್ಟು ಕೊಂಡ ಪ್ಲಗಿನ್‌ಗಳನ್ನು ಇದು ಹೋಲಿಸಲಾರದು, ಅವನ್ನು ಅಳಿಸಿ ಹೊಸದಾಗಿ ಹಾಕಿ. ‘ಅಪ್‌ಲೋಡ್ಸ್’ ಫೋಲ್ಡರಿನಲ್ಲಿ ಪಿಎಚ್‌ಪಿ ಫೈಲ್ ಕಂಡರೆ ಅನುಮಾನಿಸಿ, ಸೀರೆಯ ಫೋಟೋ ಇರುವ ಜಾಗದಲ್ಲಿ ಪ್ರೋಗ್ರಾಂಗೆ ಏನು ಕೆಲಸ? ‘ಎಂಯು-ಪ್ಲಗಿನ್ಸ್’ ಎಂಬ ಫೋಲ್ಡರನ್ನು ಮರೆಯಬೇಡಿ. ಅದರಲ್ಲಿದ್ದದ್ದು ಮಾಮೂಲಿ ಪ್ಲಗಿನ್ ಪಟ್ಟಿಯಲ್ಲಿ ಕಾಣದೆ ತಾನಾಗಿ ಓಡುತ್ತದೆ. ನಾಲ್ಕು ದಿನಕ್ಕೊಮ್ಮೆ ಮರಳುತ್ತದೆ ಎಂದಿರಲ್ಲ, ನಮ್ಮ ಅನುಮಾನ ಅಲ್ಲಿ ಅಥವಾ ಹೋಸ್ಟಿಂಗ್‌ನ ಕ್ರಾನ್ ಪಟ್ಟಿಯಲ್ಲಿ (ಗೊತ್ತುಮಾಡಿದ ಹೊತ್ತಿಗೆ ತಾನಾಗಿ ಓಡುವ ಕೆಲಸಗಳ ಪಟ್ಟಿ).

ಇಷ್ಟಾದ ಮೇಲೆ ‘ಡಬ್ಲ್ಯುಪಿ-ಕಾನ್ಫಿಗ್’ನಲ್ಲಿರುವ ಎಂಟು ಗುಪ್ತ ಸಾಲುಗಳನ್ನು (ಕೀ ಮತ್ತು ಸಾಲ್ಟ್) ಬದಲಿಸಿ, ಒಳಗಿದ್ದವರೆಲ್ಲ ಒಂದೇ ಏಟಿಗೆ ಲಾಗ್‌ಔಟ್ ಆಗುತ್ತಾರೆ. ಡೇಟಾಬೇಸ್, ಎಫ್‌ಟಿಪಿ, ಹೋಸ್ಟಿಂಗ್ ಪಾಸ್‌ವರ್ಡ್‌ಗಳನ್ನು ಕೊನೆಯಲ್ಲಿ ಬದಲಿಸಿ, ಮೊದಲಿಗಲ್ಲ. ಹಳೆಯ ಬ್ಯಾಕಪ್ ತಂದು ಕೂರಿಸುವುದಾದರೆ ಅದು ಕಳ್ಳ ಬರುವುದಕ್ಕೆ ಮುಂಚಿನದೇ ಎಂದು ಖಚಿತಪಡಿಸಿಕೊಳ್ಳಿ, ಅದರಲ್ಲಿರುವ ಹಳೆಯ ಪ್ಲಗಿನ್ ಸೈಟ್ ತೆರೆಯುವ ಮುನ್ನವೇ ಅಪ್‌ಡೇಟ್ ಆಗಲಿ. ದುಬಾರಿ ಥೀಮನ್ನು ಯಾರೋ ‘ಫ್ರೀಯಾಗಿ’ ಹಾಕಿಕೊಟ್ಟಿದ್ದರೆ, ಬೇರೆಲ್ಲೂ ಹುಡುಕುವ ಮುನ್ನ ಅದನ್ನೇ ಕಿತ್ತುಹಾಕಿ.

ಗ್ರಾಹಕರ ವಿಳಾಸ, ಫೋನ್ ನಂಬರ್ ಸೈಟಿನಲ್ಲಿದ್ದು, ಅಂಗಡಿ ಕಂಪನಿಯಾಗಿ ನೋಂದಣಿ ಆಗಿದ್ದರೆ, ಒಂದು ಗಡುವೂ ಇದೆ: ಕೇಂದ್ರ ಸರ್ಕಾರದ ಸೈಬರ್ ತುರ್ತು ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಕೊಟ್ಟ ನಿರ್ದೇಶನದ ಪ್ರಕಾರ ಇಂಥ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ಆ ಸಂಸ್ಥೆಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು. ಅಗ್ಗದ ಹೋಸ್ಟಿಂಗ್‌ಗಳಲ್ಲಿ ಲಾಗ್ ಕೆಲವೇ ದಿನದಲ್ಲಿ ಅಳಿಸಿಹೋಗುವುದುಂಟು. ಈ ಪತ್ರಿಕೆ ಮಡಚಿಟ್ಟು ಮೊದಲು ಅದನ್ನು ಡೌನ್‌ಲೋಡ್ ಮಾಡಿಕೊಳ್ಳಿ.